ತಲೆಬಾಗಿಲು

ಅಕ್ಟೋಬರ್. ಯೂಲಿಶ್ ಊರಿನ ಗಾಳಿಯಲ್ಲಿ
ಸಕ್ಕರೆ ಕಾರ್ಖಾನೆಯ ಬೆಂದ ಬೀಟಿನ ವಾಸನೆ.
ಗುಡುಲಾ ಎಸ್ಸರ್ ಕೈಗವಸು ತೊಟ್ಟು
ಮೈನಸ್ ಇಪ್ಪತ್ತರ ಪೆಟ್ಟಿಗೆಯೊಳಗೆ
ಒಬ್ಬರ ಮೆದುಳನ್ನು ಹೆರೆಯುತ್ತಾಳೆ,
ಒಂದೊಂದು ಪದರವೂ
ಕೂದಲೆಳೆಯನ್ನು ಮೂರು ಸೀಳು ಮಾಡಿದಷ್ಟು ತೆಳು.

ಹೆಸರಿಲ್ಲ ಅವರಿಗೆ. ಚೀಟಿಯಲ್ಲಿ ಇಷ್ಟೇ:
ಗಂಡಸು, ಎಪ್ಪತ್ತೆರಡು, ತಾನಾಗಿ ಕೊಟ್ಟ ದೇಹ.
ಎಡಚ ಎಂದು ಯಾರೋ ಪೆನ್ಸಿಲಿನಲ್ಲಿ ಸೇರಿಸಿದ್ದಾರೆ.

ಗಾಜಿನ ಮೇಲಿನ ಪದರ ದ್ರವದಲ್ಲಿ ಮುಳುಗಿದೆ.
ಮೈಗೆ ಮಂದ ವಿಕಿರಣ ಹಚ್ಚಿಕೊಂಡ ಅಣುಗಳು
ತಮ್ಮ ಪಾಲಿನ ಗ್ರಾಹಕವನ್ನು ಹುಡುಕುತ್ತಿವೆ.
ಗ್ರಾಹಕ ಅಂದರೆ ನಮ್ಮಲ್ಲಿ ಅಂಗಡಿಗೆ ಬಂದವನು;
ಇಲ್ಲಿ ಅವನು ಎಲ್ಲಿಗೂ ಬರುವವನಲ್ಲ,
ಗೋಡೆಯಲ್ಲೇ ನಿಂತು ಕಾಯುವವನು.

ಆಮೇಲೆ ಫಿಲ್ಮಿನ ಜೊತೆ ಕತ್ತಲೆಗೆ. ಹನ್ನೆರಡು ವಾರ.
ಬೀಟಿನ ಹಂಗಾಮು ಮುಗಿಯುತ್ತದೆ, ಕ್ರಿಸ್‌ಮಸ್ ಕಳೆಯುತ್ತದೆ,
ರೂರ್ ಹೊಳೆಯ ಅಂಚು ಹೆಪ್ಪುಗಟ್ಟಿ ಮತ್ತೆ ಬಿಡುತ್ತದೆ,
ಫಿಲ್ಮು ಕಿವಿಗೊಟ್ಟೇ ಇರುತ್ತದೆ.

ಹೊಸದಾಗಿ ಸೇರಿದ ಹುಡುಗ ಕೇಳಿದ:
ಇಷ್ಟು ಕಾದು ಕೊನೆಗೆ ಕಾಣುವುದೇನು?

ಹದಿಮೂರರಲ್ಲಿ ನಾನು, ಅಂದಳು ಗುಡುಲಾ,
ಬೆಳಗಿನ ಪೇಪರ್ ಹಾಕುತ್ತಿದ್ದೆ, ದೀಪವಿಲ್ಲದ ಸೈಕಲ್ಲಿನಲ್ಲಿ.
ಬೀದಿಯ ಹೆಸರು ಓದಬೇಕಿರಲಿಲ್ಲ,
ಬಾಗಿಲ ಪಕ್ಕದ ಕರೆಗಂಟೆಗಳನ್ನು ತಡವಿ ಎಣಿಸಿದರೆ ಸಾಕು.
ಕಾಗದದ ಗಿರಣಿಯ ಹಿಂದೆ ಒಂದು ಬಾಗಿಲಿಗೆ ಹನ್ನೆರಡು ಗುಂಡಿ,
ಟರ್ಕಿಯ ಹೆಸರು, ಪೋಲೆಂಡಿನ ಹೆಸರು, ಟೇಪು ಅಂಟಿಸಿದ ಹೆಸರು.
ಡಾಕ್ಟರರ ಬೀದಿಯಲ್ಲಿ ಒಂದೇ, ಹಿತ್ತಾಳೆಯದು.
ನಡುವೆ ಗೋಡೆಯೇನೂ ಇರಲಿಲ್ಲ.
ಗಂಟೆ ಬದಲಾದಲ್ಲಿ ಕೇರಿ ಬದಲು.

ಜನವರಿ. ಕೆಂಪು ದೀಪದ ಕೋಣೆಯಲ್ಲಿ
ತೊಳೆದ ಫಿಲ್ಮಿನ ಮೇಲೆ ಕೇರಿಗಳು ಮೂಡಿದವು.
ಹಿಂದಲೆಯಲ್ಲಿ, ನೋಟ ಮೊದಲು ಬಂದಿಳಿಯುವಲ್ಲಿ,
ಅಸಿಟೈಲ್‌ಕೋಲಿನ್ನಿನ ಒಂದು ಬಗೆಯ ಗಂಟೆ ಕಿಕ್ಕಿರಿದು ಕಪ್ಪು;
ಪಟ್ಟನೆ ಒಂದು ಗೆರೆ; ಆಚೆಗೆ ತಿಳಿಬೂದು.
ಕಣ್ಣು ಕಿವಿ ಚರ್ಮದಿಂದ ದೂರ ಸರಿದಷ್ಟೂ,
ಯೋಚನೆ ತನ್ನಷ್ಟಕ್ಕೆ ಕೂತ ಓಣಿಗಳಲ್ಲಿ,
ಸೆರೊಟೋನಿನ್ನಿನ ಬಾಗಿಲುಗಳು ಹೆಚ್ಚು.
ಒಂದು ಪದರ ಮಡಿಚಿಹೋಗಿತ್ತು.
ಎಸೆಯಲಿಲ್ಲ, ‘ಹಾಳು’ ಎಂದು ಬರೆದಿಟ್ಟಳು.

ಹಣೆಯ ಬದಿಯಲ್ಲೊಂದು, ಕಿವಿಯ ಹಿಂದೊಂದು:
ಮಾತು ಕಟ್ಟುವ ಕೇರಿ, ಮಾತು ಬಿಡಿಸುವ ಕೇರಿ.
ನಡುವೆ ಅಷ್ಟು ದೂರ; ಆದರೂ
ಗಂಟೆಗಳ ಬೆರಕೆ ಹೆಚ್ಚುಕಡಿಮೆ ಒಂದೇ,
ಬೇರೆಬೇರೆ ಊರು ಸೇರಿದ ಅಕ್ಕತಂಗಿಯರ
ಸಾರಿನ ಹದದ ಹಾಗೆ.

ಹಾಗಾದರೆ ಈತ ಏನು ಮಾತಾಡುತ್ತಿದ್ದ?
ಹುಡುಗ ಬಿಡಲಿಲ್ಲ.

ಅದು ಇಲ್ಲಿಲ್ಲ.
ಯಾವ ಮನೆಗೆ ಎಷ್ಟು ಗಂಟೆ, ಅಷ್ಟು ಗೊತ್ತು.
ಯಾರು ಒತ್ತಿದರು, ಯಾರು ತೆರೆಯದೆ ಕೂತರು,
ಯಾರಿಗಾಗಿ ಬರಿಗಾಲಲ್ಲಿ ಮೆಟ್ಟಿಲಿಳಿದು ಓಡಿಬಂದರು,
ಫಿಲ್ಮಿಗೆ ಕೇಳಿಸುವುದಿಲ್ಲ.

ಸಂಜೆ ತಲೆಬಾಗಿಲ ಮುಂದೆ ನಿಂತಳು.
ಕನ್ನಡದ ಈ ಪದ ಅವಳಿಗೆ ಗೊತ್ತಿಲ್ಲ,
ಗೊತ್ತಿದ್ದರೆ ನಕ್ಕಾಳು.
ಮೂರನೆಯ ಗುಂಡಿಯ ಪಕ್ಕ ಇನ್ನೂ ಲಾಂಬೆರ್ಟನ ಕೈಬರಹ,
ಮಳೆಗೆ ಮಾಸಿದ ಎರಡು ಅಕ್ಷರ.
ಚಳಿಗೆ ಗುಂಡಿ ಕಚ್ಚಿಕೊಳ್ಳುತ್ತದೆಂದು ಮನೆ ಮಾಲೀಕ ದೂರಿದ್ದ.
ಪರೀಕ್ಷಿಸುವವಳಂತೆ ಒತ್ತಿದಳು.
ಮೇಲೆ, ಯಾರೂ ಇಲ್ಲದ ಹಜಾರದಲ್ಲಿ, ಬಾರಿಸಿತು.
ಕೆಲಸ ಮಾಡುತ್ತಿದೆ, ಎಂದುಕೊಂಡು
ಚೀಲದಲ್ಲಿ ಬೀಗದಕೈ ತಡಕಾಡಿದಳು.