ಇಂಚಿಗೆ ಏಳು

ಸೀಟು ಬಿಚ್ಚಿದರೆ ಸಾಕು, ಗಾಡಿಯ ಜಾತಕ ಗೊತ್ತಾಗುತ್ತದೆ.
ಬಂದ್ಯೋಡಿನ ಹೈವೇ ಬದಿ, ಅಂದುಂಞಿಯ ಶೆಡ್ಡಿನಲ್ಲಿ
ನಾನು ಹೊಲಿದದ್ದು ಹೆಚ್ಚಾಗಿ ಆಟೋ, ಜೀಪು,
ಮೀನು ಲಾರಿಯ ಕ್ಲೀನರು ಮಲಗುವ ಹಲಗೆಗೆ ರೆಕ್ಸಿನ್ನು.
ಈ ಎರಡು ಬಂದದ್ದು ಒಂದೇ ನೋಂಬಿನ ತಿಂಗಳಲ್ಲಿ.

ಒಂದು ಎಂಜಿ. ಇಂಗ್ಲೆಂಡಿನದ್ದು. ಬಾಟಲಿ ಹಸಿರು, ಮಾಡಿಲ್ಲ.
ಕೊಚ್ಚಿಯ ಹರಾಜಿನಲ್ಲಿ ಹಿಡಿದವರು ಹರಿಶ್ಚಂದ್ರ ನಾಯ್ಕರು,
ಕಸ್ಟಮ್ಸಿನವರು, ಈಗ ರಿಟೈರು.
ತೊಗಲು ಹಿಮ್ಮಡಿಯ ಹಾಗೆ ಬಿರಿದಿತ್ತು.
ಅಂಚಿನ ಪೈಪಿಂಗಿನಲ್ಲಿ ಒಂದು ಕಡೆ ಹೊಲಿಗೆ ಸೊಟ್ಟ:
ಅರವತ್ತೈದರಲ್ಲಿ ಯಾರೋ ಹೊಲಿಯುತ್ತ ಹೊಲಿಯುತ್ತ
ಕಿಟಕಿ ಕಡೆ ನೋಡಿದ್ದಾರೆ.

ಇನ್ನೊಂದು ಡಾಟ್ಸನ್. ಜಪಾನು. ಕಿತ್ತಳೆ ಬಣ್ಣ, ಉದ್ದ ಮೂತಿ,
ಎಡಗಡೆ ಸ್ಟಿಯರಿಂಗು.
"ಹನ್ನೊಂದು ತಿಂಗಳ ಸಂಬಳ ಇದು, ಬಾಯಮ್ಮ,
ಶಾರ್ಜಾದ ಅರಬಿ ದುಡ್ಡು ಕೊಡಲಿಲ್ಲ, ಕೀ ಕೊಟ್ಟ"
ಅಂದ ಪಳ್ಳಿಕುಂಞಿ.
ಸೀಟು ಕವುಚಿದೆ: ಮರಳು, ಒಂದು ಮಗುವಿನ ಕ್ಲಿಪ್ಪು.
ಹೊಲಿಗೆ ಇಂಚಿಗೆ ಏಳು. ಎಲ್ಲಿ ಎಣಿಸಿದರೂ ಏಳು.
ನನಗೆ ಸ್ವಲ್ಪ ಹೆದರಿಕೆಯೇ ಆಯಿತು.

ಎಂಜಿ ನಿಂತಲ್ಲಿ ನೆಲದ ಮೇಲೆ ಎಣ್ಣೆಯ ಬೊಟ್ಟು.
"ಸೋರುತ್ತದೆ ಅಂದರೆ ಒಳಗೆ ಉಂಟು ಅಂತ ಅರ್ಥ"
ಎನ್ನುತ್ತಾರೆ ನಾಯ್ಕರು, ಕರವಸ್ತ್ರದಲ್ಲಿ ಕೈ ಒರಸುತ್ತ.
ಕರೆಂಟೂ ತಿರುಗುಮುರುಗು,
ಬಾಡಿಗೆ ಪ್ಲಸ್ಸು ಕಟ್ಟುವ ಸಂಪ್ರದಾಯ ಅವರ ಮನೆತನದ್ದು.
ಡಾಟ್ಸನ್ನು ಕೀ ತಿರುಗಿಸಿದ ಕೂಡಲೇ ಎದ್ದು ಕೂರುತ್ತದೆ,
ಗಡಿಯಾರ ಕೂಡ ಸರಿ ಟೈಮು.
ಬಾಗಿಲು ಹಾಕಿದರೆ ಮಾತ್ರ ಬಿಸ್ಕತ್ತು ಡಬ್ಬಿಯ ಸದ್ದು,
ಅಡಿಯಿಂದ ಹಿಡಿ ತುಕ್ಕು.

ನಾಯ್ಕರು ಹತ್ತಿರ ಬಂದರೆ ಇವತ್ತಿಗೂ
ಪಳ್ಳಿಕುಂಞಿಯ ಕೈ ತಾನಾಗಿ ಡಿಕ್ಕಿ ತೆರೆಯುತ್ತದೆ.

ಒಂದು ಸಂಜೆ ಎರಡರ ಬಾನೆಟ್ಟೂ ಎತ್ತಿ
ಅಂದುಂಞಿ ಕರೆದ: "ಗ್ರೆಟ್ಟಾಬಾಯಿ, ಎಂತ ಇದು ನೋಡಿ."
ಇದರಲ್ಲಿ ಎರಡು ಕಾರ್ಬುರೇಟರು, ಅದರಲ್ಲಿ ಎರಡು,
ಇಗರ್ಜಿಯ ಪುಟ್ಟ ಗಂಟೆಗಳ ಹಾಗೆ.
ಮೇಲಿನ ಬಿರಡೆ ಅದೇ, ಒಳಗಿನ ಕಡ್ಡಿ ಅದೇ.
"ಜಪಾನಿನವ ಆಚೆಮನೆಯಿಂದ ಕಡ ತಂದದ್ದು,
ವಾಪಸು ಕೊಡುವಾಗ ಸರಿ ಮಾಡಿ ಕೊಡುವ ಅಂತ ಇಟ್ಟುಕೊಂಡ."
ಬಿರಡೆಯೊಳಗೆ ತೆಳು ಎಣ್ಣೆ ಬೇಕಿತ್ತು. ಶೆಡ್ಡಿನಲ್ಲಿ ಇಲ್ಲ.
ನನ್ನ ಮೆಷಿನಿನ ಎಣ್ಣೆ ಕೊಟ್ಟೆ, ನಾಲ್ಕಕ್ಕೂ.

ಶಿರಿಯಾ ಸೇತುವೆವರೆಗೆ ಓಡಿಸಿದರು.
ಎಂಜಿ ಗಂಟಲು ಕಟ್ಟಿದ ಮಾಸ್ತರರ ಸ್ವರ,
ಡಾಟ್ಸನ್ ಹೊಸ ಪಾಪ್ಲಿನ್ನು
ಒಂದೇ ಎಳೆತಕ್ಕೆ ಹರಿದ ಹಾಗೆ.
ಯಾರು ಮುಂದೆ ಬಂದರು ಕೇಳಬೇಡಿ,
ಗೇಟು ಹಾಕಿತ್ತು, ಗೂಡ್ಸು ಹೋಗಲಿಕ್ಕಿತ್ತು.

ವಾಪಸು ಬಂದು ಒತ್ತೊತ್ತಾಗಿ ನಿಲ್ಲಿಸಿದರು.
ಬಲ ಸ್ಟಿಯರಿಂಗು, ಎಡ ಸ್ಟಿಯರಿಂಗು, ಮೊಣಕೈಗೆ ಮೊಣಕೈ.
ಬಾಂಗಿಗೆ ಇನ್ನೂ ಆರು ನಿಮಿಷ
ಎಂದಿತು ಡಾಟ್ಸನ್ನಿನ ಗಡಿಯಾರ.
ಪಳ್ಳಿಕುಂಞಿ ಕೊಟ್ಟ ಖರ್ಜೂರ ಕೈಯಲ್ಲೇ ಹಿಡಿದು
ನಾಯ್ಕರೂ ಕಾದರು.

"ಯಾವುದು ಒಳ್ಳೆಯದು ಬಾಯಮ್ಮ?"
ಬಿಲ್ಲು ಬರೆಯುತ್ತಿದ್ದೆ, ಕೇಳಿಸದವಳ ಹಾಗೆ.
ನಾಯ್ಕರ ಹೊಸ ತೊಗಲಿಗೆ
ಸೊಟ್ಟ ಇದ್ದ ಜಾಗದಲ್ಲೇ ಸೊಟ್ಟ ಹಾಕಿದ್ದೇನೆ,
ಅದಕ್ಕೆ ಚಾರ್ಜಿಲ್ಲ.
ಪಳ್ಳಿಕುಂಞಿಯದ್ದು ಇಂಚಿಗೆ ಏಳು.
ಒಂದು ಕಡೆ ಎಂಟು ಬಿದ್ದಿದೆ.
ಹೇಳಲಿಲ್ಲ.