ಐದು ಆಂಪಿಯರ್

ಹದಿನಾಲ್ಕು ಫಲಕ, ಒಂದು ಇನ್ವರ್ಟರ್, ಎಂಟು ಬ್ಯಾಟರಿ.
ಲೆಕ್ಕದ ಪುಸ್ತಕದಲ್ಲಿ ನಾನೇ ಬರೆದದ್ದು, ನೀಲಿ ಶಾಯಿಯಲ್ಲಿ.
ಸರಕು ಬಂದದ್ದು ಮೀನಿನ ಲಾರಿಯಲ್ಲಿ.
ವದೀ ಮತ್ತವನ ಭಾವಮೈದುನ ಒಂದೊಂದನ್ನೇ ಹೊತ್ತು
ಐದು ಮಹಡಿ ಹತ್ತಿದರು.
ಲಿಫ್ಟು ನಿಂತು ಮೂರು ವರ್ಷ;
ಅದರೊಳಗೀಗ ನನ್ನ ಹಳೆಯ ರಸೀದಿಗಳ ವಾಸ.

ತ್ರಿಪೋಲಿಯ ಮೀನಾ, ಬಂದರಿನ ಹಿಂದಿನ ಓಣಿ.
ಕಿವಿ ಕೇಳದ ಮಕ್ಕಳ ನಮ್ಮ ಸಂಘಕ್ಕೆ
ಲೆಬನಾನಿನ ಸರ್ಕಾರ ಕೊಡುವ ಕರೆಂಟು ದಿನಕ್ಕೆ ಎರಡು ಗಂಟೆ,
ಅದೂ ಮಕ್ಕಳು ಮನೆಗೆ ಹೋಗಿ ಮಲಗಿದ ಮೇಲೆ.
ಉಳಿದದ್ದು ಹಾಜಿ ಮಿಸ್ಬಾಹನ ಜನರೇಟರಿನಿಂದ
ಡಾಲರು ಎಣಿಸಿ ತಂದದ್ದು,
ಐದು ಆಂಪಿಯರ್.

ಐದು ಆಂಪಿಯರ್ ಅಂದರೆ ಏನೆಂದುಕೊಂಡಿರಿ?
ಕಿವಿಯಚ್ಚಿನ ಯಂತ್ರ ಹಚ್ಚಿದರೆ ಚಹಾ ಇಲ್ಲ.
ಚಹಾ ಬೇಕಾದರೆ ಫ್ಯಾನಿಲ್ಲ.
ಫ್ರಿಜ್ಜು ಗುಟುರು ಹಾಕಿತೋ
ಇಡೀ ಮಹಡಿ ಕತ್ತಲು,
ಕತ್ತಲಲ್ಲಿ ಕೈಮಾತು ಅರ್ಧಕ್ಕೇ ನಿಲ್ಲುತ್ತದೆ.
ಮೂವತ್ತೊಂದು ಮಕ್ಕಳ ಬಾಯಿಗೆ
ಯಾರೋ ಒಮ್ಮೆಗೇ ಬಟ್ಟೆ ತುರುಕಿದ ಹಾಗೆ.

ತಾರಸಿಯ ತುಂಬ ನೀರಿನ ಟ್ಯಾಂಕು, ಸತ್ತ ಡಿಶ್ಶುಗಳು,
ಅಬೂ ಝುಹೇರನ ಪಾರಿವಾಳದ ಗೂಡು.
ಪಾರಿವಾಳ ಸಾಕುವವನ ಸಾಕ್ಷಿ ನಂಬಬೇಡ
ಅನ್ನುತ್ತಾರೆ ನಮ್ಮ ಊರಲ್ಲಿ,
ಅವನ ಗೂಡಿನ ನೆರಳನ್ನು ಮಾತ್ರ ನಂಬಲೇಬೇಕಾಯಿತು:
ಒಂದು ಗಂಟೆಗೆ ಸರಿಯಾಗಿ ಮೂರನೇ ಫಲಕದ ಮೇಲೆ.
ಎರಡು ದಿನ ಜಗಳ.
ಮೂರನೇ ದಿನ ಗೂಡು ಆರಡಿ ಸರಿಯಿತು;
ಬದಲಿಗೆ ಗೂಡಿಗೊಂದು ಬಲ್ಬು.
"ಹಿಕ್ಕೆ ತೊಳೆಯುವುದು ಯಾರು?" ಅಂದ ವದೀ.
ಹಕ್ಕಿಗಳು ಮೇಲೆ ಒಂದು ಸುತ್ತು ಹಾಕಿ ಬಂದವು.

ದಕ್ಷಿಣಕ್ಕೆ ಮುಖ, ಕಡಲಿಗೆ ಬೆನ್ನು.
ಉಪ್ಪುಗಾಳಿಗೆ ಕಬ್ಬಿಣ ಬಾಳದೆಂದು ಅಲ್ಯೂಮಿನಿಯಂ ಕಾಲು.
ಹಾಜಿ ಮಿಸ್ಬಾಹ ಏದುಸಿರಲ್ಲಿ ಹತ್ತಿ ಬಂದು
ಗಾಜಿನ ಮೇಲೆ ಬೆರಳು ಎಳೆದ.
ಬೆರಳಿಗೆ ಬಂದ ಧೂಳನ್ನು ನೋಡಿದ, ನನ್ನನ್ನು ನೋಡಿದ.
"ಬಿಸಿಲಿಗೂ ಮೀಟರು ಹಾಕುವ ಕಾಲ ಬರುತ್ತೆ, ತಾಳು."
ಹತ್ತು ವರ್ಷ ತಿಂಗಳ ಮೊದಲನೇ ತಾರೀಕು
ನಾನು ಶಪಿಸಿದ ಮನುಷ್ಯ.
ಕಡಲು ಓಣಿಗೆ ನುಗ್ಗಿದ ಚಳಿಗಾಲ
ಮೂರು ತಿಂಗಳ ಬಾಕಿ ಬಿಟ್ಟವನೂ ಇವನೇ.
ಒಂದು ಲೋಟ ನೀರು ಕೇಳಿ ಕುಡಿದು ಇಳಿದು ಹೋದ.

ಮಂಗಳವಾರ ಹನ್ನೊಂದಕ್ಕೆ ವದೀ ಸ್ವಿಚ್ಚು ತಿರುಗಿಸಿದ.
ಬೆಳಕು ಹರಿಯಿತು, ಕರೆಂಟು ಹರಿಯಿತು,
ನಾನು ಮುಂದಿನ ತಿಂಗಳ ರಸೀದಿ ಹರಿದೆ.
ಓಣಿಯ ಜನರೇಟರಿಗೆ ಹೋಗುತ್ತಿದ್ದ ತಂತಿ ಬಿಚ್ಚಿ
ಸುರುಳಿ ಸುತ್ತಿಟ್ಟೆವು.

ಆಗ ಲಮೀಸ್, ಏಳು ವರ್ಷದವಳು,
ತರಗತಿಯಿಂದ ಎದ್ದು ಹೋಗಿ ಗೋಡೆಗೆ ಅಂಗೈ ಒತ್ತಿದಳು.
ಈ ಮಕ್ಕಳಿಗೆ ಕರೆಂಟೆಂದರೆ ಗೋಡೆಯ ನಡುಕ,
ಬೆಂಚಿನ ಕಾಲಿನಿಂದ ಬೆನ್ನಿಗೆ ಏರುವ ಗುಂಯ್.
ಅದಕ್ಕವರು ಮಾಡಿಕೊಂಡ ಸನ್ನೆಯೂ ಅದೇ,
ಎದೆಯ ಮುಂದೆ ನಡುಗುವ ಮುಷ್ಟಿ.
ಅಂದು ಹಾಜಿಯ ಯಂತ್ರ ಡೀಸೆಲ್ಲಿಗೆ ಕಾದು ನಿಂತಿತ್ತು.
ಗೋಡೆ ಸುಮ್ಮನಿತ್ತು.
ಸತ್ತುಹೋಯಿತು, ಅಂದಳು ಕೈಯಲ್ಲಿ.
ಇಂತಿಸಾರ್ ಟೀಚರು ಬಲ್ಬು ತೋರಿಸಿದಳು.
ಹುಡುಗಿ ಬಲ್ಬನ್ನು ನೋಡಿದಳು,
ನಂಬದೆ ಮತ್ತೆ ಗೋಡೆಯನ್ನು ಮುಟ್ಟಿದಳು,
ಇದ್ದವರ ಮನೆಯಲ್ಲಿ ಉಸಿರಾಟ ಹುಡುಕುವವಳಂತೆ.

ಈಗ ಎರಡು ಸನ್ನೆ ಚಾಲ್ತಿಯಲ್ಲಿವೆ.
ದೊಡ್ಡ ಮಕ್ಕಳು ಅಂಗೈ ಬಿಚ್ಚಿ, ಓರೆಯಾಗಿ, ದಕ್ಷಿಣಕ್ಕೆ ಹಿಡಿಯುತ್ತಾರೆ.
ಲಮೀಸಳ ಮುಷ್ಟಿ ಇನ್ನೂ ನಡುಗುತ್ತದೆ.

ಅವಳನ್ನು ನಾನು ತಿದ್ದುವುದಿಲ್ಲ.
ಫೆಬ್ರವರಿಯ ಮೋಡಕ್ಕೆ ಇರಲಿ ಎಂದು,
ಯಾರಿಗೂ ಹೇಳದೆ,
ಸುರುಳಿ ಸುತ್ತಿಟ್ಟ ತಂತಿಯ ಹೆಸರಲ್ಲಿ
ಹಾಜಿಯ ಪುಟದಲ್ಲಿ ಮತ್ತೆ ಬರೆದಿದ್ದೇನೆ:
ಎರಡೂವರೆ.