ಕತ್ತರಿ

ಮಾಲ್ಪಿಕಾದ ಬಂದರಿನಲ್ಲಿ ನಲವತ್ತು ವರ್ಷ
ಬಲೆ ಹೊಲಿದ ದೊಸಿಂದಾಳ ಬಲಗೈ
ಮಂಗಳವಾರದಿಂದ ಅವಳ ಮಾತು ಕೇಳುತ್ತಿಲ್ಲ.

ತಲೆಯೊಳಗೊಂದು ನಾಳ ಕಟ್ಟಿತು.
ಆಮೇಲೆ ಕಿಣ್ವಗಳು ಬಂದವು,
ಸಣ್ಣ ಸಣ್ಣ ಕತ್ತರಿ, ಎಂದರು ಡಾಕ್ಟರ್ ಸಬೆಲಾ:
ರಕ್ತಕ್ಕೂ ಮಿದುಳಿಗೂ ನಡುವಿನ ಗೋಡೆಯನ್ನು
ಎಳೆ ಎಳೆಯಾಗಿ ಕತ್ತರಿಸಿದವು;
ನೀರು ನುಗ್ಗಿತು, ಬಿಳಿಕಣಗಳು ನುಗ್ಗಿದವು,
ಉರಿ ನಂದಿಸಲು ಬಂದವರೇ ಸೌದೆಯಾದರು.

ಹಾಗಾದರೆ ಕಿತ್ತುಕೊಳ್ಳಿ ಆ ಕತ್ತರಿ, ಎಂದೆ ನಾನು, ತಂಗಿ.
ಡಾಕ್ಟರ್ ತಡೆದರು:
ಎರಡನೇ ವಾರ ಹೊಸ ನಾಳ ದಾರಿ ಬಿಡಿಸಿಕೊಳ್ಳುವುದೂ
ಅದೇ ಕತ್ತರಿಯಿಂದ.

ದೊಸಿಂದಾ ನಕ್ಕಳು, ಅರ್ಧ ಬಾಯಲ್ಲಿ.
ನನಗೆ ಅವಳೇ ಕಲಿಸಿದ್ದು:
ಹರಿದ ಕಣ್ಣಿಗೆ ನೇರ ದಾರ ಹಾಕಬೇಡ,
ಮೊದಲು ಸುತ್ತ ಕತ್ತರಿಸು, ಗಟ್ಟಿ ಗಂಟು ಸಿಗುವ ತನಕ.

ಎಷ್ಟು ಕತ್ತರಿಸಬೇಕು ಅಂತ
ಕೇಳಿದ್ದೆ ಆಗ.
ಕೈಗೆ ಗೊತ್ತಾಗುತ್ತೆ, ಅಂದಿದ್ದಳು.